ಸ್ಟೂಲ್ ಇದ್ದ ಜಾಗ

"ಮಿಸ್, ನಂಗೆ ಬೇರೆ ಚೀಟಿ ಕೊಡಿ. ಇದು ನಂಗೆ ಸೂಟ್ ಆಗಲ್ಲ."

ಇಂಗ್ಲಿಷ್ ಟೀಚರ್ ಚೀಟಿ ತುಂಬಿದ ಬಿಸ್ಕೆಟ್ ಡಬ್ಬಿಯ ಮುಚ್ಚಳವನ್ನು ಟಪ್ ಅಂತ ಹಾಕಿಬಿಟ್ಟರು. ಆ ಮುಚ್ಚಳ ಬಿತ್ತೆಂದರೆ ಮುಗಿಯಿತು. ಕಾಲು ಹಿಡಿದರೂ ಚೀಟಿ ಬದಲಾಗುವುದಿಲ್ಲ, ಕಣ್ಣೀರು ಹಾಕಿದರೂ ಬದಲಾಗುವುದಿಲ್ಲ.

ಟ್ರೈಲರ್ ತನ್ನ ಚೀಟಿಯನ್ನು ಮತ್ತೊಮ್ಮೆ ಬಿಡಿಸಿ ನೋಡಿದಳು. ಪಕ್ಕ ಕೂತ ಹುಡುಗ ಡಿಕ್ಷನರಿಗೆ ಬಂದಿದ್ದು ‘ಅಂಬ್ರೆಲಾ’. ಹಿಂದಿನ ಬೆಂಚಿನವನಿಗೆ ‘ಸೋಪ್’. ಎಂಥೆಂಥ ಸುಖಪುರುಷರು. ಇವಳಿಗೆ ಮಾತ್ರ ‘ಆಬ್‌ಸ್ಟಕಲ್’. ಓದುವಾಗಲೇ ನಾಲಿಗೆ ಎಡವುತ್ತಿತ್ತು.

ಟ್ರೈಲರ್ ಅನ್ನುವುದು ಅವಳ ಹೆಸರಲ್ಲ, ಅವಳು ಕೆಲಸ ಮಾಡುವ ರೀತಿ. ಏನೇ ಮಾಡಲಿ, ಶುರು ಮಾತ್ರ ಭರ್ಜರಿ. ಪ್ರಾಜೆಕ್ಟ್ ಪುಸ್ತಕದ ರಟ್ಟಿನ ಮೇಲೆ ಬಣ್ಣ, ಮಿಂಚು, ಬಾರ್ಡರ್ ಎಲ್ಲ ಇರುತ್ತದೆ; ಒಳಗೆ ತೆರೆದರೆ ಬಿಳಿ ಹಾಳೆ. ‘ಟ್ರೈಲರ್ ಇದೆ, ಪಿಕ್ಚರೇ ಇಲ್ಲ’ ಅಂತ ಒಂದು ದಿನ ಪಕ್ಕದ ಹುಡುಗ ಅಂದಿದ್ದ. ಹೆಸರು ಗೋಂದಿನ ಹಾಗೆ ಅಂಟಿಕೊಂಡಿತು. ಅವನನ್ನು ಡಿಕ್ಷನರಿ ಅಂತ ಕರೆದು ಇವಳೂ ಸೇಡು ತೀರಿಸಿಕೊಂಡಳು.

ಈ ಟೀಚರ್‌ದು ಒಂದೇ ರೂಲು. ಚೀಟಿಯಲ್ಲಿ ಬಂದ ಪದದ ಅರ್ಥವನ್ನು ಶುಕ್ರವಾರ ಹೇಳಬೇಕು, ಆಮೇಲೆ ಅದನ್ನು ಬಳಸಿ ಒಂದು ವಾಕ್ಯ ಹೇಳಬೇಕು. ಪುಸ್ತಕದ ವಾಕ್ಯ ನಡೆಯುವುದಿಲ್ಲ. ಅದು ಈ ವಾರ ಮನೆಯಲ್ಲೋ ಬೀದಿಯಲ್ಲೋ ನಿಜವಾಗಿ ನಡೆದದ್ದಾಗಿರಬೇಕು. ಬುರುಡೆ ಬಿಡೋಣ ಅಂದರೆ, ವಾಕ್ಯ ಮುಗಿದ ಮೇಲೆ ಅವರು ಪ್ರಶ್ನೆ ಕೇಳುತ್ತಾರೆ. ಹಿಂದೆ ಒಬ್ಬ ಹುಡುಗ ತಮ್ಮ ಮನೆಯ ಟೆರೇಸ್ ಮೇಲೆ ಆನೆ ಇತ್ತು ಅಂದಿದ್ದ. ಟೀಚರ್ ಬೈಯಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಅದು ಹೇಗೆ ತಿರುಗಿತು ಅಂತ ಮಾತ್ರ ಕೇಳಿದರು. ಪಾಪ, ಅವನು ಇನ್ನೂ ಯೋಚನೆ ಮಾಡುತ್ತಿದ್ದಾನೆ.

"ಆಬ್‌ಸ್ಟಕಲ್ ಅಂದ್ರೆ ಅಡ್ಡಿ," ಅಂತ ಡಿಕ್ಷನರಿ ಕೇಳದೆಯೇ ಹೇಳಿಕೊಟ್ಟ. "ಹೋಗೋ ದಾರಿಗೆ ಅಡ್ಡ ಬರೋದು. ಕಲ್ಲು, ಗುಂಡಿ, ಗೋಡೆ, ನೀನು."

ಅರ್ಥವೇನೋ ಪುಕ್ಕಟೆ ಸಿಕ್ಕಿತು. ವಾಕ್ಯ? ಶುಕ್ರವಾರದೊಳಗೆ ಅವಳ ದಾರಿಗೆ ಏನಾದರೂ ಅಡ್ಡ ಬರಬೇಕಿತ್ತು. ಆದರೆ ಶಾಲೆಯಿಂದ ಮನೆಗೆ ಬರುವಾಗ ಒಂದು ನಾಯಿ ಕೂಡ ಅಡ್ಡ ಬರಲಿಲ್ಲ. ಬಂದದ್ದೂ ದಾರಿ ಬಿಟ್ಟು ಪಕ್ಕಕ್ಕೆ ಹೋಯಿತು.

ಹೀರೋ ಬಸ್ಸಿಗೆ ಕಾಯಲ್ಲ, ಬಸ್ಸೇ ಹೀರೋಗೆ ಕಾಯುತ್ತೆ ಅಂತ ತನಗೆ ತಾನೇ ಡೈಲಾಗ್ ಹೊಡೆದುಕೊಂಡು ಟ್ರೈಲರ್ ತೀರ್ಮಾನ ಮಾಡಿದಳು. ನಿಜ ತಾನಾಗಿ ನಡೆಯದಿದ್ದರೆ ನಾವೇ ನಡೆಸುವುದು. ಮನೆಯ ಹಾಲ್‌ನಲ್ಲೇ ಆಬ್‌ಸ್ಟಕಲ್ ರೇಸ್.

ಮನೆಯಲ್ಲಿ ಅಮ್ಮ ಇರಲಿಲ್ಲ. ಅಮ್ಮ ಟೈಲರ್, ಹೊಲಿದ ಯೂನಿಫಾರ್ಮುಗಳನ್ನು ಅಂಗಡಿಗೆ ಕೊಟ್ಟು ಬರಲು ಹೋಗಿದ್ದಳು. ಲಿಫ್ಟ್ ರಿಪೇರಿ ಮಾಡುವ ಅಪ್ಪ ಯಾವುದೋ ಕಟ್ಟಡದ ನೆತ್ತಿಯಲ್ಲಿದ್ದ. ತಾತ, ಅಂದರೆ ಅಮ್ಮನ ಅಪ್ಪ, ತನ್ನ ರೂಮಿನಲ್ಲಿ ಮಲಗಿದ್ದ. ಗೊರಕೆ ಸೆಕೆಂಡ್ ಗೇರಿನಲ್ಲಿತ್ತು.

ತಾತ ಬಸ್ ಓಡಿಸುತ್ತಿದ್ದವನು. ಈಗ ಅವನ ಕಣ್ಣಿಗೆ ಕಿಟಕಿ ಯಾವ ಕಡೆ ಅಂತ ಗೊತ್ತಾಗುವಷ್ಟು ಬೆಳಕು ಮಾತ್ರ ಉಳಿದಿತ್ತು. ಆದರೂ ಸಂಜೆಯ ಟೀ ತಾತನ ಡಿಪಾರ್ಟ್‌ಮೆಂಟು. ನಿದ್ದೆ ಮುಗಿಸಿ ಎದ್ದು, ಹಾಲ್ ದಾಟಿ ಅಡುಗೆಮನೆಗೆ ಹೋಗಿ, ಯಾರ ಸಹಾಯವೂ ಇಲ್ಲದೆ ಎರಡು ಲೋಟ ಟೀ ಮಾಡುತ್ತಿದ್ದ. ಒಂದು ಅವನಿಗೆ. ಇನ್ನೊಂದು, ಮುಕ್ಕಾಲು ಹಾಲು ಹಾಕಿದ್ದು, ಮೊಮ್ಮಗಳಿಗೆ. ಮನೆ ಅವನಿಗೆ ಬಾಯಿಪಾಠ ಅಂತ ಎಲ್ಲರೂ ಅಂದುಕೊಂಡಿದ್ದರು.

ಟ್ರೈಲರ್ ಕೆಲಸ ಶುರು ಮಾಡಿದಳು. ತಾತನ ಬಾಗಿಲ ಪಕ್ಕದ ಮರದ ಸ್ಟೂಲ್ ಹಾಲ್ ನಡುವೆ ಬಂತು, ಅದನ್ನು ಹಾರಬೇಕು. ಅಮ್ಮನ ಮಶೀನಿನಿಂದ ಕುರ್ಚಿಗೆ ಟೇಪು ಕಟ್ಟಿದಳು. ಅದರ ಕೆಳಗೆ ನುಸುಳಬೇಕು. ಬಕೆಟ್ಟು, ಅಪ್ಪನ ಹಳೇ ಟೂಲ್‌ಬಾಕ್ಸು, ದಾರದ ಉಂಡೆಗಳ ಗೋಪುರ. ಕೊನೆಗೆ ಊಟದ ಮೇಜಿನ ಸುರಂಗ. ಓಡುವವಳೂ ಅವಳೇ, ಕಾಮೆಂಟರಿ ಹೇಳುವವಳೂ ಅವಳೇ, ಚಪ್ಪಾಳೆ ತಟ್ಟುವ ಸಾವಿರಾರು ಜನರೂ ಅವಳೇ.

ಎರಡನೇ ಸುತ್ತಿನಲ್ಲಿ ಅವಳು ಮೇಜಿನ ಕೆಳಗಿದ್ದಾಗ ತಾತ ಬಾಗಿಲಿಗೆ ಬಂದ. ಯಾವಾಗಲೂ ಬರುವ ಹಾಗೆಯೇ ಬಂದ. ಬಲಗೈ ಚಾಚಿದ. ಕೈ ಗಾಳಿಯಲ್ಲಿ ಆ ಕಡೆ ಈ ಕಡೆ ಏನನ್ನೋ ಹುಡುಕಿತು. ಸಿಗಲಿಲ್ಲ. ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ.

ಅವಳು ನಿಲ್ಲು ತಾತಾ ಅನ್ನುವಷ್ಟರಲ್ಲಿ ಟೂಲ್‌ಬಾಕ್ಸ್ ಅವನ ಕಾಲಿಗೆ ಸಿಕ್ಕಿತ್ತು. ಸಿನಿಮಾದಲ್ಲಿ ಬೀಳುವವರು ಸ್ಲೋ ಮೋಷನ್ನಿನಲ್ಲಿ ಬೀಳುತ್ತಾರೆ, ಓಡಿ ಬಂದು ಹಿಡಿಯಲು ಟೈಮಿರುತ್ತದೆ. ತಾತ ಧಡ್ ಅಂತ ಬಿದ್ದುಬಿಟ್ಟ.

ನೆಲದ ಮೇಲಿನಿಂದಲೇ ಅವನು ಕೇಳಿದ ಮೊದಲ ಮಾತು:

"ಯಾರಿಗೂ ಏನೂ ಆಗ್ಲಿಲ್ಲ ತಾನೇ?"

ಡ್ರೈವರ್ ಆಗಿದ್ದವನ ಅಭ್ಯಾಸ. ಟ್ರೈಲರ್ ಮೇಜಿನ ಕೆಳಗಿನಿಂದ ತೆವಳಿ ಬಂದು ಅವನ ತೋಳು ಹಿಡಿದಳು.

ಮೂಳೆ ಮುರಿದಿಲ್ಲ, ಮಣಿಕಟ್ಟು ಉಳುಕಿದೆ ಅಂದರು ಡಾಕ್ಟರ್. ಅಮ್ಮ ತಾತನ ಕೈಗೆ ಬಟ್ಟೆ ಸುತ್ತಿದಳು. ಮಂಡಿಯ ಗಾಯ ಒರೆಸಿದಳು. ಬಕೆಟ್ಟು, ಟೇಪು, ಚೆಲ್ಲಾಡಿದ ದಾರದ ಉಂಡೆ ಎಲ್ಲವನ್ನೂ ನೋಡಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಬೈಯದವರ ಮುಂದೆ ಅಳುವುದಾದರೂ ಹೇಗೆ?

ಲಿಫ್ಟ್ ಕೆಟ್ಟಾಗ ಅಪ್ಪ ಯಾರನ್ನೂ ದೂರುವುದಿಲ್ಲ, ಸೀದಾ ಸ್ಕ್ರೂಡ್ರೈವರ್ ತೆಗೆಯುತ್ತಾನೆ. ಈಗಲೂ ಹಾಗೆಯೇ ಮಾಡಿದ. ಮನೆಗೆ ಬಂದವನು ಶರ್ಟಿನ ತೋಳು ಮಡಚಿ, ತಾತನಿಗೆ ಅಡ್ಡ ಬರುವುದು ಹಾಲ್‌ನಲ್ಲಿ ಒಂದೂ ಇರಕೂಡದು ಅಂದ. ಮಶೀನು ಬೆಡ್‌ರೂಮಿಗೆ ಹೋಯಿತು. ಮೇಜನ್ನು ಮಡಚಿ ಗೋಡೆಗೆ ಒರಗಿಸಿದರು. ಕುರ್ಚಿಗಳು ಒಂದರ ಮೇಲೊಂದು ಕೂತು ಮೂಲೆ ಸೇರಿದವು. ಸ್ಟೂಲ್ ಅಟ್ಟಕ್ಕೇರಿತು. ಫ್ರಿಜ್ಜಿನ ಪ್ಲಗ್ಗು ಬೇರೆ ಕಡೆ ಇಲ್ಲವಾದ್ದರಿಂದ ಅದೊಂದು ಅಡುಗೆಮನೆ ಬಾಗಿಲ ಹತ್ತಿರ ಗುಂಯ್ ಅನ್ನುತ್ತ ಉಳಿಯಿತು.

ಟ್ರೈಲರ್ ಎಲ್ಲರಿಗಿಂತ ಜೋರಾಗಿ ತಳ್ಳಿದಳು. ತಳ್ಳಿದಷ್ಟೂ ಎದೆಯ ಮೇಲಿನ ಭಾರ ಇಳಿಯುತ್ತದೇನೋ ಅಂತ.

ಹಾಲ್ ಫುಟ್‌ಬಾಲ್ ಮೈದಾನವಾಯಿತು. ಮಾತಾಡಿದರೆ ಪ್ರತಿಧ್ವನಿ. ಅಪ್ಪ ಬೆವರು ಒರೆಸಿಕೊಂಡು, ಇನ್ನು ಆರಾಮಾಗಿ ಓಡಾಡಿ ಮಾವ, ಒಂದು ಕಡ್ಡಿಯೂ ಅಡ್ಡ ಇಲ್ಲ ಅಂದ. ತಾತ ತಲೆಯಾಡಿಸಿ ಥ್ಯಾಂಕ್ಸ್ ಹೇಳಿದ. ಟ್ರೈಲರ್‌ನ ವಾಕ್ಯವೂ ರೆಡಿಯಾಯಿತು: ನಾವು ತಾತನ ದಾರಿಯ ಆಬ್‌ಸ್ಟಕಲ್‌ಗಳನ್ನೆಲ್ಲ ತೆಗೆದೆವು. ನಿಜವಾಗಿ ನಡೆದದ್ದು. ಟೀಚರ್ ಎಷ್ಟು ಪ್ರಶ್ನೆ ಬೇಕಾದರೂ ಕೇಳಲಿ.

ಆದರೆ ತಾತ ಓಡಾಡಲಿಲ್ಲ.

ಮರುದಿನ ಟೀ ಮಾಡಲು ಬರಲಿಲ್ಲ. ಕೈ ನೋವಿರಬೇಕು ಅಂತ ಅಮ್ಮ ತಾನೇ ಮಾಡಿ ಕೊಟ್ಟಳು. ಅದರ ಮರುದಿನವೂ ಬರಲಿಲ್ಲ. ಬಾತ್‌ರೂಮಿಗೆ ಹೋಗಬೇಕಾದರೆ ರೂಮಿನಿಂದಲೇ ಕೂಗುತ್ತಿದ್ದ. ಯಾರಾದರೂ ಹೋಗಿ ಕೈ ಹಿಡಿದು ನಡೆಸಬೇಕಿತ್ತು. ಕೂಗುವ ಮುಂಚೆ ಒಂದು ಸಲ ಕೆಮ್ಮುತ್ತಿದ್ದ, ತೊಂದರೆ ಕೊಡಲು ಪರ್ಮಿಷನ್ ಕೇಳುವವನ ಹಾಗೆ. ಮೊದಲೆಲ್ಲ ಟ್ರೈಲರ್ ಶಾಲೆಯಿಂದ ಬಂದರೆ ಟಿಕೆಟ್ ತಗೊಂಡು ಹತ್ತಮ್ಮ ಅಂತ ರೇಗಿಸುತ್ತಿದ್ದವನು ಈಗ ಬಂದ್ಯಾ ಅಂತ ಮಾತ್ರ ಕೇಳುತ್ತಿದ್ದ.

ಇನ್ನು ಮೇಲೆ ತಾತ ಒಲೆಯ ಹತ್ತಿರ ಹೋಗುವುದೇ ಬೇಡ, ವಯಸ್ಸಾಯಿತು, ಟೀ ನಾನೇ ಮಾಡಿಬಿಡ್ತೀನಿ ಅಂತ ಅಮ್ಮ ಅಪ್ಪನಿಗೆ ಮೆತ್ತಗೆ ಹೇಳುವುದು ಟ್ರೈಲರ್‌ಗೆ ಕೇಳಿಸಿತು. ಒಂದು ಟೂಲ್‌ಬಾಕ್ಸಿನಿಂದ ತಾತನ ಡಿಪಾರ್ಟ್‌ಮೆಂಟೇ ಬಂದ್ ಆಗುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಗುರುವಾರ ಸಂಜೆ ಅವಳು ಬೂಟು ಬಿಚ್ಚುತ್ತಿದ್ದಾಗ ತಾತ ಬಾಗಿಲಿಗೆ ಬಂದ. ಅವಳು ಬಂದದ್ದು ಅವನಿಗೆ ಗೊತ್ತಾಗಿರಲಿಲ್ಲ. ಬಲಗೈ ಚಾಚಿದ. ಕೈ ಆ ಕಡೆ ಈ ಕಡೆ ಹುಡುಕಿತು, ಆವತ್ತಿನ ಹಾಗೆಯೇ. ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಖಾಲಿ ಹಾಲ್‌ನ ನಡುವೆ ಬಂದು ನಿಂತುಬಿಟ್ಟ. ಎಡಕ್ಕೆ ತಿರುಗಿದ, ಅಲ್ಲ ಅನ್ನಿಸಿ ಬಲಕ್ಕೆ ತಿರುಗಿದ. ಕಡೆಗೆ ಅಡುಗೆಮನೆ ಅಂದುಕೊಂಡು ಹೋಗಿ ಬೀದಿಬಾಗಿಲ ಪಕ್ಕದ ಗೋಡೆ ಮುಟ್ಟಿದ. ಗೋಡೆಯನ್ನು ಅಂಗೈಯಿಂದ ಸವರಿ ನೋಡಿದ.

"ತಾತ," ಅಂದಳು.

ಅವನು ಬೆಚ್ಚಿದ. ಆಮೇಲೆ ನಕ್ಕ. "ಸುಮ್ನೆ ವಾಕಿಂಗ್ ಮಾಡ್ತಿದ್ದೆ ಕಣೆ."

ಅವಳು ಅವನ ಕೈ ಹಿಡಿದು ಹಾಸಿಗೆಗೆ ಕರೆದುಕೊಂಡು ಹೋದಳು. ಪಕ್ಕದಲ್ಲಿ ಕೂತಳು. ಬಾಗಿಲಲ್ಲಿ ನಿಂತಾಗ ಕೈ ಏನು ಹುಡುಕುತ್ತೆ ಅಂತ ಕೇಳಿದಳು. ತಾತ ಮೊದಲು ಏನಿಲ್ಲ ಅಂದ. ಅವಳು ಬಿಡಲಿಲ್ಲ. ಗೋಗರೆದಳು, ಡೈಲಾಗ್ ಹೊಡೆದಳು, ಹೇಳದಿದ್ದರೆ ಊಟ ಬಿಡುತ್ತೇನೆ ಅಂತ ಹೆದರಿಸಿದಳು.

"ಸ್ಟೂಲು," ಅಂದ ತಾತ.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದ. ಬಾಗಿಲಿಗೆ ಬಂದರೆ ಮೊದಲು ಸ್ಟೂಲು ಕೈಗೆ ಸಿಗುತ್ತಿತ್ತು. ಅದರ ಅಂಚು ಸವರಿ ಎಡಕ್ಕೆ ತಿರುಗಿದರೆ ಅಮ್ಮನ ಮಶೀನಿನ ಚಕ್ರ, ತಣ್ಣಗೆ. ಅಲ್ಲಿಂದ ಕುರ್ಚಿಯ ಬೆನ್ನು. ಕುರ್ಚಿ ದಾಟಿದರೆ ಮೇಜಿನ ಮೂಲೆ ಸೊಂಟಕ್ಕೆ ತಾಗುತ್ತಿತ್ತು, ನೇರ ಹೋಗು ಅಂತ ತಳ್ಳಿದ ಹಾಗೆ. ಆಮೇಲೆ ಫ್ರಿಜ್ಜಿನ ಸದ್ದು.

"ಮಂಜಲ್ಲಿ ಬಸ್ ಓಡಿಸ್ತಿದ್ನಲ್ಲ, ಆಗ ರೋಡು ಎಲ್ಲಿ ಕಾಣ್ಸುತ್ತೆ? ಒಂದು ಮರ ಸಿಗ್ತಿತ್ತು, ಒಂದು ನೀರಿನ ಟ್ಯಾಂಕು ಸಿಗ್ತಿತ್ತು. ಅವು ಸಿಕ್ರೆ ಸಾಕು, ದಾರಿ ತಾನಾಗೇ ಬರುತ್ತೆ."

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ಅಷ್ಟು ಕಷ್ಟಪಟ್ಟು ಎಲ್ಲಾ ಎತ್ತಿಟ್ಟ. ಅವನ ಮುಖ ನಂಗೆ ಕಾಣಲ್ಲ, ಆದ್ರೆ ಏದುಸಿರು ಕೇಳಿಸ್ತಿತ್ತು. ಹೆಂಗೆ ಹೇಳ್ಲಿ?"

ಆ ರಾತ್ರಿ ಊಟಕ್ಕೆ ಕೂತಾಗ ಟ್ರೈಲರ್ ಮಾತು ತೆಗೆದಳು. ಸ್ಟೂಲ್ ಇಳಿಸೋಣ, ಮಶೀನು ವಾಪಸ್ ತರೋಣ, ತಾತನಿಗೆ ಅವು ಬೇಕು ಅಂದಳು. ಅವಳು ಮಾತು ಮುಗಿಸುವ ಮುಂಚೆಯೇ ಅಪ್ಪ ತಟ್ಟೆಯಿಂದ ಮುಖ ಎತ್ತದೆ ಹೇಳಿದ:

"ಬೇಡ. ಒಂದ್ಸಲ ಬಿದ್ದಿದ್ದು ಸಾಲ್ದಾ?"

ದನಿ ಜೋರಿರಲಿಲ್ಲ. ಆದರೂ ಅವಳು ತಟ್ಟೆಯತ್ತ ತಲೆ ಬಗ್ಗಿಸಿದಳು. ಬೀಳಿಸಿದವಳು ತಾನು. ಮಾತಾಡುವ ಹಕ್ಕು ಎಲ್ಲಿದೆ?

ಶುಕ್ರವಾರ ಬಂತು. ಡಿಕ್ಷನರಿ ಅಂಬ್ರೆಲಾವನ್ನು ಚೆನ್ನಾಗಿ ಬಿಚ್ಚಿ ಚೆನ್ನಾಗಿ ಮಡಚಿ ಕೂತ. ಟೀಚರ್ ಟ್ರೈಲರ್ ಕಡೆ ನೋಡಿದರು.

ಅವಳು ಎದ್ದು ಮುಂದೆ ಹೋದಳು. ಉರು ಹೊಡೆದಿದ್ದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಅದು ಈಗ ನಿಜವಾಗಿ ಉಳಿದಿರಲಿಲ್ಲ.

"ಆಬ್‌ಸ್ಟಕಲ್ ಅಂದ್ರೆ ಅಡ್ಡಿ," ಅಂದಳು. ಆಮೇಲೆ ಒಂದೊಂದೇ ಪದ ಹುಡುಕಿ ಇಟ್ಟಳು. "ದ ಸ್ಟೂಲ್ ಈಸ್ ನಾಟ್ ಆನ್ ಆಬ್‌ಸ್ಟಕಲ್ ಟು ಮೈ ಗ್ರ್ಯಾಂಡ್‌ಫಾದರ್."

"ಸ್ಟೂಲ್ ಅಡ್ಡಿ ಅಲ್ಲ. ಮತ್ತೆ ಅವರಿಗೆ ಅಡ್ಡಿ ಯಾವ್ದು?" ಟೀಚರ್ ಕೇಳಿದರು.

"ಖಾಲಿ ಜಾಗ, ಮಿಸ್."

ಕ್ಲಾಸ್ ಗೊಳ್ ಅಂತು. ಡಿಕ್ಷನರಿಯಂತೂ ಎದ್ದೇ ನಿಂತ. ಏನೂ ಇಲ್ಲದಿರುವುದು ಅಡ್ಡಿ ಹೇಗಾಗುತ್ತೆ, ಯಾವ ಪುಸ್ತಕದಲ್ಲೂ ಹಾಗಿಲ್ಲ ಅಂದ. ಟೀಚರ್ ಮಾತ್ರ ನಗಲಿಲ್ಲ. ಟ್ರೈಲರ್ ಏನು ಉತ್ತರ ಕೊಡುತ್ತಾಳೆ ಅಂತ ಕಾದರು.

ಅವಳಿಗೆ ಇಂಗ್ಲಿಷ್ ಸಾಲಲಿಲ್ಲ. ಕನ್ನಡವೂ ಸಾಲಲಿಲ್ಲ. ಡಿಕ್ಷನರಿಗೆ ಕಣ್ಣು ಮುಚ್ಚಿಕೊಂಡು ಬೆಂಚಿನಿಂದ ಬಾಗಿಲ ತನಕ ಹೋಗು ಅಂದಳು.

ಅದೇನು ಮಹಾ ಅಂತ ಅವನು ಕಣ್ಣು ಮುಚ್ಚಿದ. ಸರಸರ ಹೊರಟ. ಕೈ ತಾನಾಗಿಯೇ ಪಕ್ಕಕ್ಕೆ ಹೋಗಿ ಬೆಂಚುಗಳ ಮೂಲೆ ಮುಟ್ಟುತ್ತ ಬಂತು, ಒಂದು, ಇನ್ನೊಂದು, ಮತ್ತೊಂದು. ಮುಖದಲ್ಲಿ ಗೆದ್ದ ನಗು. ಬೆಂಚುಗಳು ಮುಗಿದವು. ಅಲ್ಲಿಂದ ಬಾಗಿಲವರೆಗೆ ಬರೀ ನೆಲ. ಡಿಕ್ಷನರಿ ನಿಂತ. ಎರಡೂ ಕೈ ಮುಂದೆ ಚಾಚಿದ. ಒಂದು ಕಾಲು ಎತ್ತಿ, ಎಲ್ಲಿಡುವುದು ಅಂತ ತಿಳಿಯದೆ ಅಲ್ಲೇ ಇಳಿಸಿದ. ನಗು ಎಲ್ಲೋ ಹೋಗಿತ್ತು.

ಕ್ಲಾಸಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

"ನಿಮ್ ತಾತ ಈಗ ಎಲ್ಲಿದಾರೆ?" ಟೀಚರ್ ಕೇಳಿದರು.

"ಹಾಸಿಗೆ ಮೇಲೆ, ಮಿಸ್."

ಅವಳು ಜಾಗಕ್ಕೆ ಬಂದು ಕೂತಳು. ಟೀಚರ್ ವೆರಿ ಗುಡ್ ಅಂದರು. ಅದು ಅವಳಿಗೆ ಕೇಳಿಸಿದ್ದರೂ ಕೇಳಿಸದ ಹಾಗಿತ್ತು. ಮೊದಲ ಸಲ ಪೂರ್ತಿ ಪಿಕ್ಚರ್ ತೋರಿಸಿದ್ದಳು. ಆದರೆ ನೋಡಬೇಕಾದವರು ಇಲ್ಲಿ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಬೆಡ್‌ರೂಮಿನಿಂದ ಮಶೀನಿನ ಸದ್ದು ಬರುತ್ತಿತ್ತು. ಟ್ರೈಲರ್ ಬ್ಯಾಗು ಇಳಿಸಿ ತಾತನ ರೂಮಿಗೆ ಇಣುಕಿದಳು. ಅವನು ಎಚ್ಚರವಾಗಿಯೇ ಇದ್ದ, ಗೋಡೆಗೆ ಒರಗಿ.

"ತಾತ, ಟೀ ಬೇಕು."

"ನಿಮ್ಮಮ್ಮಂಗೆ ಹೇಳು."

"ನಿನ್ ಟೀನೇ ಬೇಕು. ಬಾ. ನೀನು ಬಾಗಿಲಿಗೆ ಬಾ ಸಾಕು."

ಅಷ್ಟು ಹೇಳಿ ಅವಳು ಬಾಗಿಲ ಪಕ್ಕ, ಸ್ಟೂಲ್ ಇದ್ದ ಜಾಗದಲ್ಲಿ ಮಂಡಿಯೂರಿ ಕೂತಳು. ಕಾದಳು. ಆಮೇಲೆ ಮಂಚ ಕಿರುಗುಟ್ಟಿತು. ಚಪ್ಪಲಿಯ ಸದ್ದು ಹತ್ತಿರ ಬಂತು.

ತಾತ ಬಲಗೈ ಚಾಚಿದ. ಬಟ್ಟೆ ಸುತ್ತಿದ ಕೈ ಗಾಳಿಯಲ್ಲಿ ಇಳಿದು ಅವಳ ತಲೆಯ ಮೇಲೆ ಬಂದು ನಿಂತಿತು.

ಬೆರಳು ಜಡೆ ಸವರಿ ನೋಡಿತು.

"ಯಾರಿದು, ಸ್ಟೂಲಾ?"

"ಹೂಂ."

"ಸ್ಟೂಲಿಗೆ ಜಡೆ ಯಾವಾಗ ಬಂತು?"

ಅವಳು ನಕ್ಕರೆ ತಲೆ ಅಲುಗುತ್ತದೆ ಅಂತ ತುಟಿ ಕಚ್ಚಿಕೊಂಡಳು. ತಾತ ಎಡಕ್ಕೆ ತಿರುಗಿದ. ಅವನ ಕೈ ತಲೆಯಿಂದ ಜಾರಿದ್ದೇ ತಡ, ಅವಳು ತುದಿಗಾಲಲ್ಲಿ ಓಡಿ ಮಶೀನು ಇದ್ದ ಜಾಗದಲ್ಲಿ ನಿಂತು ಮೊಣಕೈ ಚಾಚಿದಳು. ಬಾಯಲ್ಲಿ ಟಕಟಕ ಟಕಟಕ ಅಂದಳು. ತಾತನ ಬೆರಳು ಮೊಣಕೈ ಸವರಿ ಮುಂದೆ ಹೋಯಿತು. ಕುರ್ಚಿಯ ಜಾಗಕ್ಕೆ ಓಡಿ ಬೆನ್ನು ಕೊಟ್ಟಳು. ಮೇಜಿನ ಜಾಗದಲ್ಲಿ ಮುಷ್ಟಿಯಿಂದ ಅವನ ಸೊಂಟವನ್ನು ಮೆಲ್ಲಗೆ ಒತ್ತಿದಳು. ತಾತನ ಬೆನ್ನು ನೆಟ್ಟಗಾಯಿತು. ಹೆಜ್ಜೆಗೆ ಹಳೇ ಲಯ ಬಂತು.

ಬೆಡ್‌ರೂಮಿನ ಮಶೀನು ಯಾವಾಗಲೋ ನಿಂತಿತ್ತು. ಅಮ್ಮ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತಾತನನ್ನು ಹಿಡಿಯಲು ಮುಂದೆ ಬಂದವಳು ಮಗಳ ಮುಖ ನೋಡಿ ಅಲ್ಲೇ ನಿಂತಳು.

ಇನ್ನು ಉಳಿದದ್ದು ಮೇಜಿನಿಂದ ಅಡುಗೆಮನೆಯವರೆಗಿನ ದಾರಿ. ಅಲ್ಲಿ ಅವಳು ನಿಲ್ಲಬೇಕಾದ ಜಾಗ ಯಾವುದೂ ಇರಲಿಲ್ಲ. ಅಲ್ಲಿ ಮೊದಲೂ ಏನೂ ಇರಲಿಲ್ಲ. ತಾತ ಕಿವಿಯನ್ನು ಫ್ರಿಜ್ಜಿನ ಕಡೆ ತಿರುಗಿಸಿ ಹೆಜ್ಜೆ ಇಟ್ಟ. ಸ್ವಲ್ಪ ವಾಲಿದ. ಟ್ರೈಲರ್‌ನ ಕೈ ತಾನಾಗಿಯೇ ಮುಂದೆ ಹೋಯಿತು. ಅವನ ಮೊಣಕೈಗೆ ಇನ್ನೇನು ತಾಗಬೇಕು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಇನ್ನೊಂದು ಕೈಯಿಂದ ಅದನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡಳು.

ತಾತ ನೆಟ್ಟಗಾದ. ನಡೆದ. ಫ್ರಿಜ್ಜಿನ ಬಾಗಿಲ ಮೇಲೆ ಎರಡು ಬೆರಳಿಂದ ಟಕ್ ಅಂತ ತಟ್ಟಿ ಅಡುಗೆಮನೆಯೊಳಗೆ ಹೋದ. ಪಾತ್ರೆಯ ಸದ್ದು ಬಂತು. ನಲ್ಲಿ ತಿರುಗಿದ ಸದ್ದು ಬಂತು.

ಅಮ್ಮ ಬಹಳ ಹೊತ್ತು ಅಡುಗೆಮನೆಯ ಕಡೆಯೇ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪನಿಗೆ ನಾನು ಹೇಳ್ತೀನಿ ಅಂದಳು. ಆಮೇಲೆ ಅಟ್ಟದ ಕಡೆ ಕತ್ತೆತ್ತಿ, ಸಣ್ಣ ದನಿಯಲ್ಲಿ ಕೇಳಿದಳು:

"ಆ ಸ್ಟೂಲು ಸರಿಯಾಗಿ ಎಲ್ಲಿತ್ತು?"

ಟ್ರೈಲರ್ ಬಾಯಲ್ಲಿ ಹೇಳಲಿಲ್ಲ. ತಾತನ ಬಾಗಿಲ ಪಕ್ಕಕ್ಕೆ ಹೋಗಿ ನಿಂತಳು. ಅರ್ಧ ಹೆಜ್ಜೆ ಹಿಂದೆ ಸರಿದಳು, ಬಲಕ್ಕೆ ಒಂದಿಷ್ಟು ಜರುಗಿದಳು, ಹಾಂ, ಇಲ್ಲೇ. ಒಳಗೆ ಟೀ ಕುದಿಯುವ ವಾಸನೆ ಬಂತು, ಹೊರಗೆ ಯಾರೋ ಅವಳನ್ನು ಆಟಕ್ಕೆ ಕರೆದರು. ಅಮ್ಮ ಏಣಿ ಹಾಕಿ, ಹತ್ತಿ, ಸ್ಟೂಲ್ ಇಳಿಸಿ, ಧೂಳು ಒರೆಸಿ ತರುವ ತನಕ ಅವಳು ಆ ಜಾಗ ಬಿಟ್ಟು ಕದಲಲಿಲ್ಲ.